ಹೇಗೆ ಎಂಬುದಕ್ಕೊಂದು ಮೈ

ಇಂಗ್ಲಿಷ್ ವ್ಯಾಕರಣದಲ್ಲಿ ಆಡ್ವರ್ಬ್ ಪಾಠದಷ್ಟು ಬೇಗ ಮುಗಿಯುವ ಪಾಠ ಇನ್ನೊಂದಿಲ್ಲ. ‘ಸ್ಲೋ’ ಎಂಬುದಕ್ಕೆ ‘ಲಿ’ ಹಚ್ಚಿದರೆ ‘ಸ್ಲೋಲಿ’, ‘ಸ್ಯಾಡ್’ ಎಂಬುದಕ್ಕೆ ಹಚ್ಚಿದರೆ ‘ಸ್ಯಾಡ್ಲಿ’. ಕ್ರಿಯೆಯ ವಿಶೇಷ ಹೇಳುವುದರಿಂದ ಕ್ರಿಯಾವಿಶೇಷಣ. ಹತ್ತು ಉದಾಹರಣೆ ಬರೆದುಕೊಳ್ಳಿ, ಬಿಟ್ಟ ಸ್ಥಳ ತುಂಬಿ. ಅಷ್ಟರಲ್ಲಿ ಗಂಟೆ ಹೊಡೆಯಿತು. ಕನ್ನಡ ಶಾಲೆಗಳಲ್ಲಿ ಓದಿದ ನಮ್ಮಲ್ಲಿ ಬಹಳ ಮಂದಿಗೆ ಆ ‘ಲಿ’ ಎಲ್ಲಿಂದ ಬಂತು ಎಂದು ಕೇಳಬೇಕು ಅನ್ನಿಸಲೇ ಇಲ್ಲ. ಬಾಲ ಅಂದುಕೊಂಡೆವು. ಬಾಲಕ್ಕೆ ಅರ್ಥ ಕೇಳುವವರುಂಟೆ?

ಅರ್ಥ ಇದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಲೀಚ್’ ಎಂಬ ಪದವಿತ್ತು. ಮೈ ಎಂದು ಅದರ ಅರ್ಥ, ಆಕಾರ ಎಂದೂ ಹೌದು. ಜೀವ ಹೋದ ಮೈಗೂ ಅದೇ ಹೆಸರು. ಜರ್ಮನರು ಹೆಣಕ್ಕೆ ಈಗಲೂ ‘ಲೈಷೆ’ ಎನ್ನುತ್ತಾರೆ. ಇಂಗ್ಲೆಂಡಿನ ಹಳೆಯ ಚರ್ಚುಗಳ ಅಂಗಳಕ್ಕೆ ಹೋಗುವ ದಾರಿಯಲ್ಲಿ ಮಾಡು ಹೊದಿಸಿದ ಹೆಬ್ಬಾಗಿಲೊಂದು ಇರುತ್ತದೆ, ‘ಲಿಚ್ ಗೇಟ್’. ಶವ ಹೊತ್ತು ತಂದವರು ಪಾದ್ರಿ ಬರುವ ತನಕ ಅದರಡಿಯಲ್ಲಿ ಕಾಯುತ್ತಿದ್ದರು. ಆ ಲಿಚ್ಚೂ ನಮ್ಮ ಪಠ್ಯಪುಸ್ತಕದ ‘ಲಿ’ಯೂ ಒಂದೇ ಬೇರಿನವು. ‘ಲೈಕ್’ ಎಂಬುದೂ ಅಲ್ಲಿಂದಲೇ ಬಂದದ್ದು. ‘ಸಚ್’, ‘ವಿಚ್’ ಎಂಬ ಪದಗಳ ಕೊನೆಯ ‘ಚ್’ ಸದ್ದಿನಲ್ಲೂ ಅದೇ ಮೈ ಸವೆದು ಸವೆದು ಉಳಿದುಕೊಂಡಿದೆ. ಹಾಗಾಗಿ ‘ಸ್ಲೋಲಿ’ ಎಂದರೆ ಮೂಲದಲ್ಲಿ ನಿಧಾನದ ಮೈ ಹೊತ್ತು ಎಂದು.

ಕಡಲ ಕಾಲುವೆ ದಾಟಿ ಫ್ರಾನ್ಸಿಗೆ ಹೋದರೆ ಮೈಯ ಜಾಗದಲ್ಲಿ ಮನಸ್ಸು ಕೂತಿದೆ. ಫ್ರೆಂಚರ ‘ಮಾಂ’, ಇಟಲಿ ಮತ್ತು ಸ್ಪೇನಿನವರ ‘ಮೆಂತೆ’ ಎಲ್ಲವೂ ‘ಮನಸ್ಸಿನಿಂದ’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಇಳಿದವು. ಸ್ಪ್ಯಾನಿಷಿನಲ್ಲಿ ಸ್ಪಷ್ಟವಾಗಿ, ನಿಧಾನವಾಗಿ ಎಂದು ಎರಡನ್ನೂ ಒಟ್ಟಿಗೆ ಹೇಳುವಾಗ ಮೊದಲನೆಯದರ ‘ಮೆಂತೆ’ ಬಿಟ್ಟು ‘ಕ್ಲಾರಾ ಇ ಲೆಂತಾಮೆಂತೆ’ ಎನ್ನುತ್ತಾರೆ. ಎರಡು ಗುಣಕ್ಕೆ ಒಂದೇ ಮನಸ್ಸು ಸಾಕು! ಅದು ಒಂದು ಕಾಲಕ್ಕೆ ಬಿಡಿಪದವಾಗಿತ್ತು ಎನ್ನುವುದಕ್ಕೆ ಇಷ್ಟೇ ಸಾಕ್ಷಿ ಸಾಕು.

ನಮ್ಮದು ‘ಆಗಿ’. ಚೆನ್ನಾಗಿ, ನಿಧಾನವಾಗಿ, ಸಲೀಸಾಗಿ. ಆಗು ಎಂಬ ಧಾತುವಿನ ರೂಪ ಅದು. ‘ಮೇಷ್ಟರಾಗಿ ಊರಿಗೆ ಬಂದರು’ ಎಂಬಲ್ಲಿರುವ ‘ಆಗಿ’ಯೇ ‘ಸಾವಕಾಶವಾಗಿ ಊರಿಗೆ ಬಂದರು’ ಎಂಬಲ್ಲೂ ಇದೆ. ಮೊದಲು ಸಾವಕಾಶವೇ ಆಗಬೇಕು, ಆಮೇಲೆ ಬರಬೇಕು. ಇಳಿಜಾರಿನಲ್ಲಿ ಒಂದು ಬಂಡೆ ಉರುಳುತ್ತದೆ ಎಂದಿಟ್ಟುಕೊಳ್ಳಿ. ಇಂಗ್ಲಿಷಿನ ಬಂಡೆ ನಿಧಾನದ ಮೈಯಲ್ಲಿ ಉರುಳುತ್ತದೆ, ಫ್ರೆಂಚಿನ ಬಂಡೆ ನಿಧಾನದ ಮನಸ್ಸಿನಿಂದ, ಕನ್ನಡದ ಬಂಡೆ ತಾನೇ ನಿಧಾನವಾಗಿ. ಇವತ್ತು ಆಡುವ ಯಾರಿಗೂ ಇದು ಕೇಳಿಸುವುದಿಲ್ಲ, ನಿಜ. ಬಂಡೆಗೂ ಗೊತ್ತಿಲ್ಲ. ಆದರೂ ‘ಏನಾಯಿತು’ ಎಂದು ಹೇಳಿ ಮುಗಿಸಿದ ಮೇಲೆ ‘ಹೇಗಾಯಿತು’ ಎಂದು ಹೇಳಲು ಮನುಷ್ಯರು ಇಷ್ಟು ದೂರ ಹುಡುಕಾಡಿದ್ದಾರೆ. ಒಬ್ಬರು ಮೈ ತಡವಿದರು, ಇನ್ನೊಬ್ಬರು ಮನಸ್ಸನ್ನು, ಮತ್ತೊಬ್ಬರು ಆಗುವಿಕೆಯನ್ನು. ‘ಹೇಗೆ’ ಎಂಬುದಕ್ಕೆ ಸ್ವಂತ ರೂಪವಿಲ್ಲ, ಯಾವುದರಿಂದಲಾದರೂ ಕಡ ತರಬೇಕು ಎಂದು ಮೂವರಿಗೂ ಬೇರೆ ಬೇರೆಯಾಗಿ ಹೊಳೆದಿರುವುದು ನನ್ನನ್ನು ಬೆರಗಾಗಿಸುತ್ತದೆ.

ಎಲ್ಲ ಆಡ್ವರ್ಬುಗಳಿಗೂ ಈ ‘ಲಿ’ ಬೇಕಿಲ್ಲ ಎನ್ನುವುದು ಎರಡನೆಯ ದಿನದ ಪಾಠ. ‘ಫಾಸ್ಟ್’, ‘ಹಾರ್ಡ್’ ಹಾಗೇ ನಿಲ್ಲುತ್ತವೆ. ‘ಫ್ರೆಂಡ್ಲಿ’ಯಲ್ಲಿ ‘ಲಿ’ ಇದ್ದೂ ಅದು ಆಡ್ವರ್ಬ್ ಅಲ್ಲ. ‘ಹಾರ್ಡ್’ ಎಂದರೆ ಕಷ್ಟಪಟ್ಟು, ‘ಹಾರ್ಡ್ಲಿ’ ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪರೀಕ್ಷೆಯಲ್ಲಿ ‘ಐ ವರ್ಕ್ಡ್ ಹಾರ್ಡ್ಲಿ’ ಎಂದು ಬರೆದು ಬೈಸಿಕೊಂಡ ಮಕ್ಕಳು ಕರ್ನಾಟಕದ ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಇದು ಕಾರಣವಿಲ್ಲದ ಕಾಟವೇನಲ್ಲ. ಹಳೆಯ ಇಂಗ್ಲಿಷಿನಲ್ಲಿ ಗುಣವಾಚಕದ ಕೊನೆಗೆ ಒಂದು ‘ಎ’ ಸ್ವರ ಸೇರಿಸಿದರೆ ಸಾಕು, ಕ್ರಿಯಾವಿಶೇಷಣ ಆಗುತ್ತಿತ್ತು. ಕಾಲಾಂತರದಲ್ಲಿ ಆ ಸ್ವರ ಬಾಯಿಂದ ಉದುರಿಹೋಯಿತು. ‘ಫಾಸ್ಟ್’, ‘ಹಾರ್ಡ್’ ಬೋಳಾಗಿ ನಿಂತವು. ಸ್ನೇಹದ ಮೈಯುಳ್ಳದ್ದು ಎಂಬ ಗುಣವಾಚಕವೂ, ಅದಕ್ಕೆ ‘ಎ’ ಸೇರಿದ ಕ್ರಿಯಾವಿಶೇಷಣವೂ ಒಂದೇ ‘ಫ್ರೆಂಡ್ಲಿ’ಯಾಗಿ ಕಲೆತುಹೋದವು. ಐನೂರು ಆರುನೂರು ವರ್ಷಗಳ ಹಿಂದೆ ಯಾರೋ ನುಂಗಿದ ಸ್ವರಕ್ಕೆ ಇವತ್ತು ನಮ್ಮ ಮಕ್ಕಳ ಅಂಕ ಹೋಗುತ್ತಿದೆ.

ಇಲ್ಲಿಗೆ ನಿಲ್ಲುವುದಿಲ್ಲ. ನಿಘಂಟು ತೆಗೆದು ನೋಡಿ: ‘ಯೆಸ್ಟರ್ಡೇ’ ಆಡ್ವರ್ಬ್, ‘ಹಿಯರ್’ ಆಡ್ವರ್ಬ್, ‘ವೆರಿ’ ಆಡ್ವರ್ಬ್, ‘ನಾಟ್’ ಕೂಡ ಆಡ್ವರ್ಬ್. ನಿನ್ನೆಗೂ ಇಲ್ಲಿಗೂ ಬಹಳಕ್ಕೂ ಇಲ್ಲಕ್ಕೂ ಏನು ನಂಟು? ಪ್ರತಿ ಮನೆಯಲ್ಲೂ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇರುತ್ತದಲ್ಲ, ಕಿತ್ತುಬಂದ ಗುಂಡಿ, ಯಾವ ಬೀಗದ್ದೋ ಗೊತ್ತಿಲ್ಲದ ಕೀ, ಎರಡು ಪಿನ್ನು, ಹರಿದ ಜಪಸರದ ಮಣಿ ಎಲ್ಲ ಹಾಕಿಡುವುದು. ವ್ಯಾಕರಣದವರು ಆಡ್ವರ್ಬನ್ನು ಹಾಗೆ ಬಳಸಿದರು. ಪ್ರಾಚೀನ ಗ್ರೀಕರ ಸ್ಟೋಯಿಕ್ ಪಂಥದವರು ಇದಕ್ಕೆ ಮುಚ್ಚುಮರೆಯಿಲ್ಲದೆ ‘ಎಲ್ಲವನ್ನೂ ಹಾಕಿಕೊಳ್ಳುವಂಥದ್ದು’ ಎಂಬರ್ಥದ ಹೆಸರನ್ನೇ ಇಟ್ಟಿದ್ದರಂತೆ. ಅಲೆಕ್ಸಾಂಡ್ರಿಯಾದ ಡಯೊನಿಸಿಯಸ್ ಥ್ರಾಕ್ಸನ ಹೆಸರಲ್ಲಿ ಬಂದಿರುವ ವ್ಯಾಕರಣ ಪದಗಳನ್ನು ಎಂಟು ಜಾತಿಯಾಗಿ ವಿಂಗಡಿಸಿ ಇದನ್ನು ಕ್ರಿಯಾಪದದ ಮೇಲೆ ಕೂರುವಂಥದ್ದು ಎಂದು ಕರೆಯಿತು. ರೋಮನರು ಅದನ್ನೇ ಲ್ಯಾಟಿನ್ನಿಗೆ ಇಳಿಸಿಕೊಂಡರು, ಇಂಗ್ಲಿಷಿನವರು ರೋಮನರಿಂದ ಪಡೆದರು. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಪದಗಳು ಬರುವುದು ಅವ್ಯಯ ಪ್ರಕರಣದಲ್ಲಿ, ಸಂಧಿ, ನಾಮ, ಸಮಾಸ, ಆಖ್ಯಾತಗಳೆಲ್ಲ ಮುಗಿದ ಮೇಲೆ, ಪ್ರಕರಣಗಳ ಸಾಲಿನ ಕಟ್ಟಕಡೆಗೆ. ಯಾರು ಮಾಡಿದರು, ಏನು ಮಾಡಿದರು ಎಂಬುದನ್ನು ಮುಂದಿನ ಪಂಕ್ತಿಯಲ್ಲಿ ಕೂರಿಸುತ್ತೇವೆ. ಹೇಗೆ ಮಾಡಿದರು ಎಂಬುದು ಎಲ್ಲ ದೇಶದಲ್ಲೂ ಕಡೆಯ ಪಂಕ್ತಿಯದು.

ಆದರೆ ಈ ಕಡೆಯ ಪಂಕ್ತಿಯವರಿಗಿರುವ ಸ್ವಾತಂತ್ರ್ಯ ಮುಂದಿನವರಿಗಿಲ್ಲ. ಇಂಗ್ಲಿಷಿನಲ್ಲಿ ನಾಮಪದ ಜಾಗ ಬದಲಿಸಿದರೆ ಕಥೆಯೇ ಬುಡಮೇಲು: ನಾಯಿ ಕಚ್ಚಿದ್ದು ಹೋಗಿ ನಾಯಿಯನ್ನೇ ಕಚ್ಚಿದಂತಾಗುತ್ತದೆ. ಆಡ್ವರ್ಬ್ ಮಾತ್ರ ವಾಕ್ಯದ ತುಂಬ ಓಡಾಡುತ್ತದೆ. ಓಡಾಡಿದಂತೆಲ್ಲ ಅದು ನೋಡುವ ದಿಕ್ಕು ಬದಲಾಗುತ್ತದೆ. ‘ಶೀ ಸ್ಯಾಂಗ್ ಸ್ಯಾಡ್ಲಿ’ ಎಂದರೆ ದುಃಖ ಹಾಡಿನೊಳಗಿದೆ. ‘ಸ್ಯಾಡ್ಲಿ, ಶೀ ಸ್ಯಾಂಗ್’ ಎಂದರೆ ದುಃಖ ನಮ್ಮದು. ಆಕೆ ಖುಷಿಯಾಗಿಯೇ ಹಾಡಿರಬಹುದು, ಕೇಳಿದವರ ಪಾಡು ಬೇರೆ. ‘ವೈಸ್ಲಿ’ ಎಂಬ ಪದ ಇನ್ನೂ ಚೆಂದ. ‘ಹೀ ಆನ್ಸರ್ಡ್ ವೈಸ್ಲಿ’ ಎಂದರೆ ಉತ್ತರದಲ್ಲಿ ವಿವೇಕವಿತ್ತು. ‘ಹೀ ವೈಸ್ಲಿ ಡಿಡ್ ನಾಟ್ ಆನ್ಸರ್’ ಎಂದರೆ ಉತ್ತರವೇ ಇಲ್ಲ, ನಡೆದ ಕ್ರಿಯೆಯೇ ಇಲ್ಲ, ಆದರೂ ವಿವೇಕವಿದೆ. ಮಾತನಾಡದೆ ಉಳಿದ ಮನುಷ್ಯನಲ್ಲಿ ಅದು ಹೋಗಿ ಕೂತಿದೆ. ಕ್ರಿಯಾಪದಕ್ಕೆ ಅಂಟಿ ನಿಂತರೆ ಕೆಲಸದ ಮಾತು, ಸ್ವಲ್ಪ ದೂರ ಸರಿದರೆ ಮಾಡುವವನ ಮಾತು, ವಾಕ್ಯದ ಹೊಸ್ತಿಲಿಗೆ ಬಂದು ನಿಂತರೆ ಹೇಳುವವನ ಮಾತು. ಹೆಚ್ಚೆಂದರೆ ನಾಲ್ಕು ಪದದ ದೂರ. ಅಷ್ಟರಲ್ಲೇ ಒಂದು ಕೃತ್ಯದಿಂದ ಹೊರಟು ಒಬ್ಬರ ಅಂತರಂಗಕ್ಕೂ, ಅಲ್ಲಿಂದ ಇನ್ನೊಬ್ಬರ ಅಂತರಂಗಕ್ಕೂ ಹೋಗಿಬರಬಹುದು.

‘ಓನ್ಲಿ’ ಎಂಬುದರ ಆಟವಂತೂ ಎಲ್ಲರಿಗೂ ಗೊತ್ತಿದ್ದದ್ದೇ. ಅದು ತನ್ನ ಮುಂದಿನ ಪದವನ್ನು ಹಿಡಿಯುತ್ತದೆ. ನಮ್ಮ ‘ಏ’ಕಾರ ಹಿಂದಿನದನ್ನು ಹಿಡಿಯುತ್ತದೆ: ರವಿಯೇ ಕೊಟ್ಟ, ನನಗೇ ಕೊಟ್ಟ, ಕೊಟ್ಟೇ ಕೊಟ್ಟ. ಬೆಂಗಳೂರಿನ ಬೀದಿಗಳಲ್ಲಿ ಕೇಳುವ ‘ಯೆಸ್ಟರ್ಡೇ ಓನ್ಲಿ ಐ ಟೋಲ್ಡ್’ ಎಂಬ ಇಂಗ್ಲಿಷಿನಲ್ಲಿ ನುಡಿಯುತ್ತಿರುವುದು ಈ ಏಕಾರ. ‘ನಿನ್ನೆಯೇ ಹೇಳಿದೆನಲ್ಲ’ ಎಂಬ ಸಿಡುಕು ಅದರಲ್ಲಿ ಪೂರ್ತಿ ಉಳಿದಿದೆ. ಇಂಗ್ಲಿಷ್ ಬಲ್ಲವರು ಇದನ್ನು ಕೇಳಿ ಮುಸಿಮುಸಿ ನಗುತ್ತಾರೆ. ನನಗೇನೋ ಅದು ಬಹಳ ಖಚಿತವಾದ ವಾಕ್ಯ ಎನ್ನಿಸುತ್ತದೆ.

ಇಷ್ಟು ಅಲೆದರೂ ಇವಕ್ಕೆ ಒಳಗೊಂದು ಶಿಸ್ತಿದೆ. ವೆನಿಸ್‌ನ ಭಾಷಾವಿಜ್ಞಾನಿ ಗುಲ್ಯೆಲ್ಮೋ ಚಿಂಕ್ವೆ 1999ರಲ್ಲಿ ಪ್ರಕಟಿಸಿದ ಪುಸ್ತಕದ ವಾದ ಇದು: ಒಂದಕ್ಕೊಂದು ಸಂಬಂಧವಿಲ್ಲದ ಅನೇಕ ಭಾಷೆಗಳಲ್ಲಿ ಕ್ರಿಯಾವಿಶೇಷಣಗಳು ಹೆಚ್ಚುಕಡಿಮೆ ಒಂದೇ ಸರದಿಯಲ್ಲಿ ನಿಲ್ಲುತ್ತವೆ. ಹೇಳುವವನ ಪ್ರಾಮಾಣಿಕತೆ ಎಲ್ಲಕ್ಕಿಂತ ಹೊರಗೆ, ಆಮೇಲೆ ಅದೃಷ್ಟ, ಬಹುಶಃ, ಸಾಮಾನ್ಯವಾಗಿ, ಆಗಲೇ, ಯಾವಾಗಲೂ, ಪೂರ್ತಿಯಾಗಿ, ಎಲ್ಲಕ್ಕಿಂತ ಒಳಗೆ ಚೆನ್ನಾಗಿ. ಅವನ ಪಟ್ಟಿಯನ್ನು ಕೆಲವರು ಒಪ್ಪುವುದಿಲ್ಲ. ಆದರೆ ಕನ್ನಡದ ಕಿವಿಯನ್ನೇ ಕೇಳಿ ನೋಡಿ. ‘ಅವನು ಬಹುಶಃ ಯಾವಾಗಲೂ ಚೆನ್ನಾಗಿ ಹಾಡುತ್ತಾನೆ’ ಎಂದರೆ ಸರಾಗ. ‘ಅವನು ಚೆನ್ನಾಗಿ ಯಾವಾಗಲೂ ಬಹುಶಃ ಹಾಡುತ್ತಾನೆ’ ಎಂದರೆ ಕಾಲಿಗೆ ಕಲ್ಲು ತಗುಲುತ್ತದೆ. ಯಾವ ಮೇಷ್ಟರೂ ಇದನ್ನು ನಮಗೆ ಹೇಳಿಕೊಟ್ಟಿಲ್ಲ.

ಇನ್ನೊಂದು ಇದೆ. ‘ಲಕ್ಷ್ಮಿ ನಿನ್ನೆ ದೇವಸ್ಥಾನದಲ್ಲಿ ಚೆನ್ನಾಗಿ ಹಾಡಿದಳು.’ ಮೊದಲು ಕಾಲ, ಆಮೇಲೆ ಜಾಗ, ಆಮೇಲೆ ರೀತಿ, ಕೊನೆಗೆ ಕ್ರಿಯೆ. ಇಂಗ್ಲಿಷಿನಲ್ಲಿ ‘ಲಕ್ಷ್ಮಿ ಸ್ಯಾಂಗ್ ವೆಲ್ ಇನ್ ದ ಟೆಂಪಲ್ ಯೆಸ್ಟರ್ಡೇ.’ ಕ್ರಿಯೆ, ರೀತಿ, ಜಾಗ, ಕಾಲ. ಕನ್ನಡಿ ಹಿಡಿದಂತೆ ತಿರುಗುಮುರುಗು. ತಿರುಗುಮುರುಗಿನ ನಡುವೆಯೂ ಒಂದು ಸಂಗತಿ ಕದಲಿಲ್ಲ. ಎರಡೂ ಭಾಷೆಯಲ್ಲಿ ಕ್ರಿಯೆಗೆ ತೋಳು ತಾಗಿಸಿ ನಿಂತಿರುವುದು ಕಾಲವೂ ಅಲ್ಲ, ಜಾಗವೂ ಅಲ್ಲ, ‘ಹೇಗೆ’ ಎಂಬುದು. ನಿನ್ನೆ ಎಂಬುದು ಹಾಡನ್ನು ಹೊರಗಿನಿಂದ ಸುತ್ತುತ್ತದೆ. ಚೆನ್ನಾಗಿ ಎಂಬುದನ್ನು ಹಾಡಿನಿಂದ ಬಿಡಿಸಿ ತೆಗೆಯಲಾಗದು.

ಇದೆಲ್ಲ ಪುಸ್ತಕದ ಮಾತು ಎನ್ನುವವರಿಗೆ 2009ರ ಜನವರಿ 20ರ ಮಧ್ಯಾಹ್ನವನ್ನು ನೆನಪಿಸಬೇಕು. ವಾಷಿಂಗ್ಟನ್ನಿನ ಸಂಸತ್ ಭವನದ ಮೆಟ್ಟಿಲ ಮೇಲೆ ಬರಾಕ್ ಒಬಾಮ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಳ್ಳುತ್ತಿದ್ದಾರೆ. ಬೋಧಿಸುತ್ತಿರುವವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಅಮೆರಿಕದ ಸಂವಿಧಾನ ಆ ಪ್ರತಿಜ್ಞೆಯನ್ನು ಪದಪದವಾಗಿ ನಿಗದಿ ಮಾಡಿದೆ, ಒಟ್ಟು 35 ಪದ. ಅದರಲ್ಲಿ ‘ಫೇತ್‌ಫುಲಿ’ ಎಂಬ ಆಡ್ವರ್ಬಿನ ಜಾಗ ‘ಎಕ್ಸಿಕ್ಯೂಟ್’ ಎಂಬ ಕ್ರಿಯಾಪದದ ಮುಂದೆ. ಕಾಗದ ಹಿಡಿಯದೆ ನೆನಪಿನಿಂದ ಹೇಳಿಕೊಡುತ್ತಿದ್ದ ರಾಬರ್ಟ್ಸ್ ಅದನ್ನು ಅಲ್ಲಿಂದ ಕಿತ್ತು ವಾಕ್ಯದ ಕೊನೆಗೆ ಒಯ್ದರು. ಒಬಾಮ ಅರ್ಧಕ್ಕೆ ನಿಂತರು, ಮುಖದಲ್ಲೊಂದು ಸಣ್ಣ ನಗು. ರಾಬರ್ಟ್ಸ್ ಸರಿಪಡಿಸಲು ಹೋಗಿ ಇನ್ನಷ್ಟು ತೊಡರಿಕೊಂಡರು. ಕೊನೆಗೆ ಒಬಾಮ ಮೊದಲು ಕೇಳಿಸಿಕೊಂಡಂತೆಯೇ ‘ಫೇತ್‌ಫುಲಿ’ಯನ್ನು ಕೊನೆಗಿಟ್ಟು ಹೇಳಿ ಮುಗಿಸಿದರು. ಲಕ್ಷಾಂತರ ಜನ ಬಯಲಿನಲ್ಲಿ, ಇಡೀ ಲೋಕ ಟೀವಿಯ ಮುಂದೆ.

ಅರ್ಥ ಏನಾದರೂ ಬದಲಾಯಿತೆ? ಇಲ್ಲ. ನಿಷ್ಠೆಯಿಂದ ನಿರ್ವಹಿಸುತ್ತೇನೆ ಎಂದರೂ ಅದೇ, ನಿರ್ವಹಿಸುತ್ತೇನೆ ನಿಷ್ಠೆಯಿಂದ ಎಂದರೂ ಅದೇ. ಆದರೂ ಮರುದಿನ ಸಂಜೆ ಶ್ವೇತಭವನದ ಮ್ಯಾಪ್ ರೂಮಿನಲ್ಲಿ ರಾಬರ್ಟ್ಸ್ ಮತ್ತೆ ಬಂದು, ಒಬಾಮ ಮತ್ತೆ ಕೈಯೆತ್ತಿ, ಪ್ರತಿಜ್ಞೆ ಇನ್ನೊಮ್ಮೆ ನಡೆಯಿತು. ಈ ಸಲ ನಿಧಾನವಾಗಿ. ಒಂದು ಪದ ಸಾಲು ತಪ್ಪಿದ್ದರಿಂದ ಮುನ್ನೆಚ್ಚರಿಕೆಗಾಗಿ ಎಂದು ಶ್ವೇತಭವನದ ವಕೀಲರು ಕಾರಣ ಕೊಟ್ಟರು. ನ್ಯಾಯಮೂರ್ತಿಗಳಿಗೆ ‘ವಿಲ್’ ಮತ್ತು ‘ಎಕ್ಸಿಕ್ಯೂಟ್’ ನಡುವೆ ಆಡ್ವರ್ಬ್ ತೂರಿಸುವುದೆಂದರೆ ಒಳಗೊಳಗೇ ಅಲರ್ಜಿ ಇದ್ದಿರಬೇಕು, ನಾಲಿಗೆ ತಾನಾಗಿಯೇ ಅದನ್ನು ಸರಿಸಿರಬೇಕು ಎಂದು ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ತಮಾಷೆಯಾಗಿ ವಿಶ್ಲೇಷಿಸಿದರು. ಇರಬಹುದು.

ನನಗೆ ಆ ಪ್ರಸಂಗದಲ್ಲಿ ತಮಾಷೆಗಿಂತ ಹೆಚ್ಚಿನದು ಕಾಣುತ್ತದೆ. ಅಧ್ಯಕ್ಷಗಿರಿ ಹೇಗೂ ನಡೆಯುತ್ತದೆ. ಚುನಾವಣೆ ಗೆದ್ದಾಗಿದೆ, ಕುರ್ಚಿ ಸಿಕ್ಕಿದೆ, ನಾಲ್ಕು ವರ್ಷ ಕಡತಗಳು ಬರುತ್ತವೆ, ಸಹಿ ಬೀಳುತ್ತದೆ. ಕೆಲಸ ಮಾಡುತ್ತೇನೆ ಎಂದು ಹೇಳಿಸುವುದಕ್ಕೆ ಇಷ್ಟು ದೊಡ್ಡ ಸಭೆ ಬೇಕಿಲ್ಲ. ಹೇಗೆ ಮಾಡುತ್ತೇನೆ ಎಂದು ಹೇಳಿಸಲು ಬೇಕು. ‘ಫೇತ್‌ಫುಲಿ’ಯನ್ನು ತೆಗೆದುಹಾಕಿ ಓದಿ: ಉಳಿಯುವುದು ನೇಮಕಾತಿ ಪತ್ರಕ್ಕೆ ಕೊಡುವ ಒಪ್ಪಿಗೆ ಅಷ್ಟೇ. ಆ 35 ಪದಗಳಲ್ಲಿ ‘ಲಿ’ ಹೊತ್ತವು ಎರಡೇ, ‘ಸಾಲೆಮ್ನ್‌ಲಿ’ ಮತ್ತು ‘ಫೇತ್‌ಫುಲಿ’. ಮೊದಲನೆಯದು ಪ್ರತಿಜ್ಞೆ ಮಾಡುವ ಗಾಂಭೀರ್ಯದ್ದು. ಅದನ್ನು ಆ ಕ್ಷಣದಲ್ಲೇ ನೋಡಬಹುದು, ಕ್ಯಾಮೆರಾಗಳು ನೋಡುತ್ತಲೇ ಇರುತ್ತವೆ. ಎರಡನೆಯದನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು. ನಾಲ್ಕು ವರ್ಷ ಕಳೆದ ಮೇಲೂ ಅದು ಇತ್ತೆ ಇಲ್ಲವೆ ಎಂದು ಜನ ಜಗಳವಾಡುತ್ತಾರೆ. ಪಕ್ಕಪಕ್ಕದ ಎರಡು ‘ಲಿ’ಗಳಲ್ಲಿ ಒಂದು ಕಣ್ಣಿಗೆ ಬೀಳುವ ಮೈ, ಇನ್ನೊಂದು ಬೀಳದ ಮೈ.

ನಮ್ಮ ಸಂವಿಧಾನವನ್ನು ಬರೆದವರೂ ಇದನ್ನು ಬಲ್ಲವರು. 60ನೇ ವಿಧಿಯಲ್ಲಿ ರಾಷ್ಟ್ರಪತಿಯ ಪ್ರತಿಜ್ಞೆ ಇದೆ. ಅದರ ಇಂಗ್ಲಿಷ್ ಪಾಠದಲ್ಲಿ ಅದೇ ಆಡ್ವರ್ಬ್ ಅದೇ ಕ್ರಿಯಾಪದದ ಮುಂದೆ ಅದೇ ಜಾಗದಲ್ಲಿ ನಿಂತಿದೆ. ಮೂರನೇ ಅನುಸೂಚಿಯಲ್ಲಿ ಸಚಿವರಿಗೆ ನಿಷ್ಠೆಯ ಜೊತೆ ಅಂತಃಸಾಕ್ಷಿಯನ್ನೂ ಸೇರಿಸಿದ್ದಾರೆ. ಆಮೇಲೆ ಭಯವಿಲ್ಲದೆ, ಪಕ್ಷಪಾತವಿಲ್ಲದೆ, ರಾಗದ್ವೇಷಗಳಿಲ್ಲದೆ ಎಂದು ಬರುತ್ತದಲ್ಲ, ಅವೂ ‘ಹೇಗೆ’ ಎಂಬ ಪ್ರಶ್ನೆಗೇ ಉತ್ತರ. ರಾಜಭವನದ ಗಾಜಿನಮನೆಯಲ್ಲಿ ಸಚಿವರು ಸಾಲಾಗಿ ಬಂದು ಓದುವಾಗ ಖಾತೆ ಯಾವುದು ಎಂದು ಎಲ್ಲರೂ ಕಾಯುತ್ತಿರುತ್ತಾರೆ. ಖಾತೆಯ ಹೆಸರು ಆ ಪ್ರತಿಜ್ಞೆಯಲ್ಲಿ ಬರುವುದೇ ಇಲ್ಲ. ಬರೀ ಕ್ರಿಯಾವಿಶೇಷಣಗಳನ್ನು ಓದಿ ಕೆಳಗಿಳಿಯುತ್ತಾರೆ.

ರಾಬರ್ಟ್ಸ್ ಅವರ ಅಲರ್ಜಿಗೆ ಹಳೆಯ ಇತಿಹಾಸವಿದೆ. ‘ಟು’ ಮತ್ತು ಕ್ರಿಯಾಪದದ ನಡುವೆ ಆಡ್ವರ್ಬ್ ಬರಬಾರದು ಎಂಬ ತಕರಾರು ಹತ್ತೊಂಬತ್ತನೆಯ ಶತಮಾನದ್ದು. ಕ್ಯಾಂಟರ್ಬರಿಯ ಡೀನ್ ಹೆನ್ರಿ ಆಲ್ಫರ್ಡ್ 1864ರ ತಮ್ಮ ಪುಸ್ತಕದಲ್ಲಿ ಅದನ್ನು ಎತ್ತಿದ್ದರು. 1966ರಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಟೀವಿ ಧಾರಾವಾಹಿ ತನ್ನ ಪೀಠಿಕೆಯಲ್ಲೇ ‘ಬೋಲ್ಡ್ಲಿ’ ಎಂಬುದನ್ನು ಆ ಸಂದಿಯಲ್ಲಿ ನುಗ್ಗಿಸಿತು. ಆಕಾಶನೌಕೆಗಳು ಹಾರಿದವು, ಇಂಗ್ಲಿಷಿಗೇನೂ ಆಗಲಿಲ್ಲ. ‘ಹೋಪ್‌ಫುಲಿ’ಯನ್ನು ವಾಕ್ಯದ ಹೊಸ್ತಿಲಲ್ಲಿ ನಿಲ್ಲಿಸಿ ‘ದೇವರು ಮಾಡಿದರೆ’ ಎಂಬರ್ಥದಲ್ಲಿ ಬಳಸಬಹುದೆ ಎಂದು ದಶಕಗಟ್ಟಲೆ ಜಗಳ ನಡೆದು, 2012ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ಬಳಸಬಹುದು ಎಂದಿತು. ಅಷ್ಟು ಹೊತ್ತಿಗೆ ಎಲ್ಲರೂ ಬಳಸುತ್ತಲೇ ಇದ್ದರು.

ಇದಕ್ಕಿಂತ ಗಂಭೀರವಾದ ವೈರಿಗಳು ಕಥೆಗಾರರು. ಎಲ್ಮೋರ್ ಲೆನರ್ಡ್ 2001ರಲ್ಲಿ ಬರೆದ ನಿಯಮಗಳಲ್ಲಿ ‘ಸೆಡ್’ ಎಂಬ ಪದದ ಪಕ್ಕ ಆಡ್ವರ್ಬ್ ಇಡಲೇಬಾರದು ಎಂದ. ಸ್ಟೀಫನ್ ಕಿಂಗ್ ‘ಆನ್ ರೈಟಿಂಗ್’ ಪುಸ್ತಕದಲ್ಲಿ ಇವುಗಳ ಮೇಲೆ ಹರಿಹಾಯ್ದ. ಬರವಣಿಗೆ ಕಲಿಸುವ ಶಿಬಿರಗಳಲ್ಲಿ ಇವತ್ತು ಇದು ಮೊದಲ ಪಾಠ, ಕನ್ನಡದ ಶಿಬಿರಗಳಿಗೂ ಹಾಗೇ ಬಂದಿದೆ. ಬಂದದ್ದು ಸರಿಯೆ ಎಂಬುದು ನನ್ನ ಅನುಮಾನ. ಇಂಗ್ಲಿಷಿನಲ್ಲಿ ‘ಹೇಗೆ’ ಎಂಬುದು ಕ್ರಿಯಾಪದದ ಹೊಟ್ಟೆಯೊಳಗೇ ಹೋಗಿ ಕೂತಿರುತ್ತದೆ. ನಡಿಗೆಯನ್ನೇ ನೋಡಿ: ‘ಸ್ಟ್ರೋಲ್’ ಎಂದರೆ ಬಿಡುಬೀಸಾಗಿ, ‘ಸ್ಟ್ರೈಡ್’ ಎಂದರೆ ದಾಪುಗಾಲಿನಲ್ಲಿ, ‘ಟ್ರಡ್ಜ್’ ಎಂದರೆ ಸೋತ ಕಾಲೆಳೆದುಕೊಂಡು. ನಗುವಿಗೆ ‘ಗಿಗಲ್’, ‘ಚಕಲ್’, ‘ಗಫಾ’. ಇಂಥ ಭಂಡಾರ ಕೈಯಲ್ಲಿರುವವರು ‘ಲಾಫ್ಡ್ ಲೌಡ್ಲಿ’ ಎಂದು ಬರೆದರೆ ಸೋಮಾರಿತನವೇ. ಅಡುಗೆಮನೆಯ ಕನ್ನಡಕ್ಕೆ ನಗಲು ಒಂದೇ ಧಾತು ಸಾಕು: ನಗು. ಉಳಿದದ್ದೆಲ್ಲ ಹೊರಗಿನಿಂದ ಬರಬೇಕು. ಬಂದದ್ದು ಎಷ್ಟು! ಕಿಲಕಿಲ ನಕ್ಕಳು, ಮುಸಿಮುಸಿ ನಕ್ಕಳು, ಪಕ್ಕನೆ ನಕ್ಕ, ಕಿಸಕ್ಕನೆ ನಕ್ಕ, ಗೊಳ್ಳೆಂದು ನಕ್ಕರು. ಗೊಳ್ಳೆಂದು ನಗಲು ಒಬ್ಬನಿಂದಾಗದು, ಅದಕ್ಕೆ ಗುಂಪು ಬೇಕು. ಒಂದು ಅನುಕರಣೆಯ ಸದ್ದು ಜನರ ಲೆಕ್ಕವನ್ನೂ ಹೇಳಿಬಿಡುತ್ತದೆ.

‘ಗೊಳ್ಳೆಂದು’ ಎಂಬುದರಲ್ಲಿರುವುದು ‘ಎಂದು’. ಮಳೆ ಧೋ ಎಂದು ಸುರಿಯುತ್ತದೆ, ಗಾಳಿ ರೊಯ್ಯೆಂದು ಬೀಸುತ್ತದೆ, ಮನೆ ಬಿಕೋ ಎನ್ನುತ್ತದೆ. ‘ಆಗಿ’ಯ ಜೊತೆಗೆ ಕನ್ನಡಕ್ಕೆ ಇದು ಇನ್ನೊಂದು ದಾರಿ. ಮಳೆ ಹೇಗೆ ಸುರಿಯಿತು ಎಂದು ಕೇಳಿದರೆ ನಾವು ಬಣ್ಣಿಸಲು ಹೋಗುವುದಿಲ್ಲ, ಮಳೆ ಏನೆಂದಿತೋ ಅದನ್ನೇ ವರದಿ ಮಾಡುತ್ತೇವೆ. ಸದ್ದೇ ಇಲ್ಲದ ಖಾಲಿ ಮನೆಯೂ ‘ಬಿಕೋ’ ಎಂದು ತನ್ನ ಹೇಳಿಕೆ ಕೊಡುತ್ತದೆ. ಇಂಥದ್ದನ್ನು ಇಂಗ್ಲಿಷಿಗೆ ಒಯ್ಯುವ ಅನುವಾದಕರು ಒಳ್ಳೆಯ ಕ್ರಿಯಾಪದವೊಂದನ್ನು ಹುಡುಕಿ ಸದ್ದನ್ನು ಅದರಲ್ಲಿ ಅಡಗಿಸುತ್ತಾರೆ. ಬೇರೆ ದಾರಿಯಿಲ್ಲ, ಮಾಡುವುದು ಸರಿಯೇ. ಆದರೆ ಹೇಳಿದ್ದು ಮಳೆ ಎಂಬ ಸಂಗತಿ ಅಲ್ಲಿಗೆ ದಾಟುವುದಿಲ್ಲ.

ಆದ್ದರಿಂದ ಕೆಂಪು ಪೆನ್ನು ಹಿಡಿದು ಕನ್ನಡದ ಕಥೆಯೊಂದರಲ್ಲಿ ‘ಸರಸರನೆ’, ‘ಗಕ್ಕನೆ’, ‘ಮೆಲ್ಲಗೆ’ಗಳನ್ನು ಹೊಡೆದುಹಾಕುವ ಶಿಬಿರದ ಮೇಷ್ಟರೊಂದಿಗೆ ನನಗೆ ಜಗಳವಿದೆ. ಆ ಪೆನ್ನಿಗೆ ಬೇರೆ ಕೆಲಸ ಬೇಕಾದಷ್ಟಿದೆ. ‘ಸಮಾರಂಭ ಯಶಸ್ವಿಯಾಗಿ ನೆರವೇರಿತು’ ಎಂದು ನಮ್ಮ ಪತ್ರಿಕೆಗಳು ದಿನಾ ಬರೆಯುತ್ತವೆ. ವಿಫಲವಾಗಿ ನೆರವೇರಿದ ಸಮಾರಂಭವನ್ನು ಕಂಡವರಿಲ್ಲ. ‘ಪ್ರಾಮಾಣಿಕವಾಗಿ ಹೇಳಬೇಕೆಂದರೆ’ ಎಂದು ಭಾಷಣ ಶುರುಮಾಡುವವರು ಅಲ್ಲಿಯ ತನಕ ಹೇಗೆ ಹೇಳುತ್ತಿದ್ದರೋ. ಅಲ್ಲಿಂದ ಶುರುವಾಗಲಿ.